ಸುದ್ದಿಯನ್ನು ತೂಗಿ ನೋಡಿದ ವಿದ್ವಾಂಸ: ಇಬ್ನು ಖಲ್ದೂನ್(ರ)

ಮದುವೆ ಮನೆಯಲ್ಲೋ ಸಂತೆಯಲ್ಲೋ ಯಾರೋ ಆಡಿದ ಮಾತೊಂದು ಕಿವಿಗೆ ಬಿದ್ದರೆ ಸಾಕು, ನಾವು ಅದನ್ನು ಮನೆಗೆ ಹೊತ್ತು ತರುತ್ತೇವೆ. ತರುವ ದಾರಿಯಲ್ಲಿ ಒಂದಿಷ್ಟು ಬಣ್ಣವನ್ನೂ ಹಚ್ಚುತ್ತೇವೆ. ಅದು ನಿಜವೇ, ಹಾಗೆ ನಡೆಯಲು ಸಾಧ್ಯವೇ ಎಂದು ಕೇಳಿಕೊಳ್ಳುವವರು ವಿರಳ. ನಂಬಲರ್ಹನಲ್ಲದವನು ತಂದ ಸುದ್ದಿಯನ್ನು ಪರಿಶೀಲಿಸಿಯೇ ಮುಂದಡಿಯಿಡಬೇಕೆಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ನಮಗೆ ಕಲಿಸಿದೆ. ಈ ಎಚ್ಚರ ದಿನನಿತ್ಯದ ಮಾತಿಗೆ ಮಾತ್ರವಲ್ಲ, ಗ್ರಂಥಗಳಲ್ಲಿ ಬರೆದಿಟ್ಟ ಇತಿಹಾಸಕ್ಕೂ ಬೇಕೆಂದು ತೋರಿಸಿಕೊಟ್ಟ ಮಹಾನ್ ವಿದ್ವಾಂಸರೊಬ್ಬರ ಬದುಕನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಅನಾಥ ತರುಣ

ಅಬ್ದುರ್ರಹ್ಮಾನ್ ಇಬ್ನು ಖಲ್ದೂನ್ ಹಿಜರಿ 732ರ ರಮಝಾನ್ ಒಂದರಂದು, ಅಂದರೆ 1332ರ ಮೇ ತಿಂಗಳಲ್ಲಿ, ಟ್ಯುನಿಸ್ ನಗರದಲ್ಲಿ ಜನಿಸಿದರು. ಅವರ ಪೂರ್ವಜರು ಯಮನಿನ ಹಳ್ರಮೌತ್‌ನಿಂದ ಸ್ಪೇನಿಗೆ ಹೋಗಿ ಸೆವಿಲ್ ನಗರದಲ್ಲಿ ತಲೆತಲಾಂತರ ಬಾಳಿದವರು. 1248ರಲ್ಲಿ ಆ ನಗರವು ಕ್ರೈಸ್ತ ದೊರೆಗಳ ವಶವಾಗುವುದಕ್ಕೆ ಮೊದಲೇ ಕುಟುಂಬವು ಅದನ್ನು ತೊರೆದು ಆಫ್ರಿಕಾದ ತೀರ ಸೇರಿತ್ತು. ಬಾಲಕ ಅಬ್ದುರ್ರಹ್ಮಾನ್ ಕುರ್‌ಆನನ್ನು ಕಂಠಪಾಠ ಮಾಡಿದರು. ಹದೀಸ್, ಮಾಲಿಕೀ ಫಿಕ್‌ಹ್, ಅರಬೀ ವ್ಯಾಕರಣಗಳನ್ನು ಕಲಿತರು. ಅಲ್ ಆಬಿಲೀ ಎಂಬ ಗುರುಗಳಿಂದ ಗಣಿತ ಮತ್ತು ತರ್ಕಶಾಸ್ತ್ರದ ರುಚಿ ಹತ್ತಿತು.

ಅಷ್ಟರಲ್ಲಿ ಮಹಾಮಾರಿ ಬಂತು. 1348-49ರ ಪ್ಲೇಗ್ ಮೆಡಿಟರೇನಿಯನ್ ಸಮುದ್ರದ ಎರಡೂ ದಡಗಳಲ್ಲಿ ಊರೂರುಗಳನ್ನೇ ಬರಿದು ಮಾಡಿತು. ಹದಿನೇಳರ ಹರೆಯದ ಇಬ್ನು ಖಲ್ದೂನ್ ತಂದೆಯನ್ನೂ ತಾಯಿಯನ್ನೂ ಹಲವು ಗುರುಗಳನ್ನೂ ಒಟ್ಟಿಗೆ ಕಳೆದುಕೊಂಡರು. ನಾಡುಗಳು ಹೇಗೆ ಬೆಳೆಯುತ್ತವೆ, ಹೇಗೆ ಕುಸಿಯುತ್ತವೆ ಎಂಬ ಪ್ರಶ್ನೆಯ ಬೆನ್ನು ಹತ್ತಿದವರು ಇಂತಹ ಕುಸಿತವನ್ನು ಕಣ್ಣಾರೆ ಕಂಡವರಾಗಿದ್ದರು ಎಂಬುದನ್ನು ನೀವು ನೆನಪಿಡಬೇಕು.

ಅರಮನೆಯಿಂದ ಕೋಟೆಗೆ

ನಂತರದ ಇಪ್ಪತ್ತೈದು ವರ್ಷ ಅವರು ಅರಮನೆಗಳ ಸುಳಿಯಲ್ಲಿ ಸಿಲುಕಿದರು. ಟ್ಯುನಿಸ್, ಫೆಝ್, ಗ್ರನಾಡ, ಬಿಜಾಯ ಎಂದು ಒಬ್ಬ ಅರಸನಿಂದ ಇನ್ನೊಬ್ಬ ಅರಸನೆಡೆಗೆ ಸಾಗಿದರು. ಫೆಝ್‌ನಲ್ಲಿ ಒಳಸಂಚಿನ ಆರೋಪ ಹೊತ್ತು ಎರಡು ವರ್ಷಕ್ಕೆ ಹತ್ತಿರ ಸೆರೆಮನೆಯಲ್ಲಿದ್ದರು. ಇಷ್ಟು ಬೇಗ ಪಕ್ಷ ಬದಲಿಸಿದ್ದು ಸರಿಯೇ ಎಂದು ನೀವು ಕೇಳಬಹುದು. ಆಕ್ಷೇಪಿಸಿದವರು ಆಗಲೂ ಇದ್ದರು. ಮಹಾಪುರುಷರ ಬದುಕನ್ನು ಓದುವಾಗ ಅವರ ದೌರ್ಬಲ್ಯಕ್ಕೆ ಪರದೆ ಎಳೆಯಬೇಕಾಗಿಲ್ಲ.

ಆದರೆ ಅದೇ ಅವಧಿಯಲ್ಲಿ ಒಂದು ದೊಡ್ಡ ಪರೀಕ್ಷೆಯನ್ನು ಅವರು ಗೆದ್ದರು. 1364ರಲ್ಲಿ ಗ್ರನಾಡದ ಸುಲ್ತಾನನ ದೂತರಾಗಿ ಕ್ಯಾಸ್ಟೀಲಿನ ದೊರೆ ಪೆದ್ರೋನ ಬಳಿಗೆ ಹೋದಾಗ, ತನ್ನ ಆಸ್ಥಾನದಲ್ಲಿ ಉಳಿದರೆ ಸೆವಿಲ್‌ನಲ್ಲಿದ್ದ ಪೂರ್ವಜರ ಆಸ್ತಿಯನ್ನೆಲ್ಲ ಮರಳಿಸುವುದಾಗಿ ಆತ ಹೇಳಿದ. ಅಜ್ಜಂದಿರ ಮನೆ, ತೋಟ ಕಣ್ಣೆದುರಿಗಿದ್ದವು. ಇಬ್ನು ಖಲ್ದೂನ್ ಸವಿನಯವಾಗಿ ನಿರಾಕರಿಸಿ, ಒಪ್ಪಿಕೊಂಡ ಕೆಲಸ ಮುಗಿಸಿ ಹಿಂದಿರುಗಿದರು.

ಕೊನೆಗೆ ರಾಜಕೀಯದಿಂದ ಬೇಸತ್ತು, 1375ರಲ್ಲಿ ಈಗಿನ ಅಲ್ಜೀರಿಯದ ಒಳನಾಡಿನಲ್ಲಿದ್ದ ಇಬ್ನು ಸಲಾಮ ಕೋಟೆಯಲ್ಲಿ ಅರಬ್ ಬುಡಕಟ್ಟೊಂದರ ಆಶ್ರಯ ಪಡೆದರು. ಸುಮಾರು ನಾಲ್ಕು ವರ್ಷ ಅಲ್ಲಿದ್ದರು. ಅಲ್ಲಿಯೇ 1377ರಲ್ಲಿ, ಐದೇ ತಿಂಗಳಲ್ಲಿ, 'ಮುಕದ್ದಿಮ'ದ ಮೊದಲ ರೂಪ ಸಿದ್ಧವಾಯಿತು. ಅದು 'ಕಿತಾಬುಲ್ ಇಬರ್' ಎಂಬ ಅವರ ಬೃಹತ್ ಇತಿಹಾಸ ಗ್ರಂಥಕ್ಕೆ ಬರೆದ ಪೀಠಿಕೆ.

ಮುಕದ್ದಿಮ ಕಲಿಸುವ ಪಾಠ

ಹೇಳಿದವನು ಪ್ರಾಮಾಣಿಕನೇ ಎಂದು ನೋಡಿದರೆ ಇತಿಹಾಸಕ್ಕೆ ಸಾಲದು, ಹೇಳಿದ ಸಂಗತಿ ನಡೆಯಲು ಸಾಧ್ಯವೇ ಎಂದು ಮೊದಲು ನೋಡಬೇಕು ಎಂಬುದು ಅವರ ವಾದ. ಅಲೆಕ್ಸಾಂಡರ್ ಗಾಜಿನ ಪೆಟ್ಟಿಗೆಯಲ್ಲಿ ಕುಳಿತು ಸಮುದ್ರದ ತಳಕ್ಕಿಳಿದು ಅಲ್ಲಿನ ಭೂತಗಳ ಚಿತ್ರ ಬರೆದು ತಂದನೆಂಬ ಕಥೆಯನ್ನು ಹಿಂದಿನವರು ಬರೆದಿದ್ದರು. ಮುಚ್ಚಿದ ಪೆಟ್ಟಿಗೆಯಲ್ಲಿ ಉಸಿರಾಡುವ ಗಾಳಿ ಬಿಸಿಯೇರಿ ಮನುಷ್ಯ ಸಾಯುತ್ತಾನೆ, ಮೇಲಾಗಿ ಯಾವ ರಾಜನೂ ತನ್ನ ಪ್ರಾಣವನ್ನು ಹಾಗೆ ಪಣಕ್ಕಿಡುವುದಿಲ್ಲ ಎಂದು ಅವರು ಅದನ್ನು ತಳ್ಳಿಹಾಕಿದರು. ಪ್ರವಾದಿ ಮೂಸಾ(ಅ)ರ ಬಳಿ ಆರು ಲಕ್ಷಕ್ಕೂ ಮಿಕ್ಕಿದ ಸೈನಿಕರಿದ್ದರೆಂಬ ಲೆಕ್ಕವನ್ನೂ ಅವರು ಒಪ್ಪಲಿಲ್ಲ. ಕೆಲವೇ ತಲೆಮಾರುಗಳಲ್ಲಿ ಒಂದು ಕುಟುಂಬ ಅಷ್ಟು ಬೆಳೆಯದು. ಬೆಳೆದರೂ ಅಷ್ಟು ದೊಡ್ಡ ಪಡೆಯ ಒಂದು ತುದಿಯಲ್ಲಿ ನಡೆಯುವುದು ಇನ್ನೊಂದು ತುದಿಗೆ ತಿಳಿಯದು. ಇಲ್ಲಿ ಅವರು ಸಂದೇಹಿಸಿದ್ದು ಪ್ರವಾದಿಯನ್ನಲ್ಲ, ಲೆಕ್ಕ ಬರೆದವರನ್ನು.

ಸುಳ್ಳು ಹೇಗೆ ನುಸುಳುತ್ತದೆ ಎಂಬುದನ್ನೂ ಅವರು ಬಿಡಿಸಿಟ್ಟರು: ಸ್ವಪಕ್ಷದ ಮೇಲಿನ ಮೋಹ, ಹೇಳಿದವರ ಮೇಲೆ ಕುರುಡು ನಂಬಿಕೆ, ಅಧಿಕಾರಸ್ಥರನ್ನು ಹೊಗಳಿ ಹತ್ತಿರವಾಗುವ ಆಸೆ, ಸಮಾಜದ ಸ್ವಭಾವದ ಅಜ್ಞಾನ. ಈ ಪಟ್ಟಿಯನ್ನು ನಮ್ಮ ಮನೆಯ ಜಗಲಿಯ ಮಾತಿಗೂ ಅನ್ವಯಿಸಿ ನೋಡಿ.

ರಾಜ್ಯವನ್ನು ಕಟ್ಟುವುದು 'ಅಸಬಿಯ್ಯ', ಅಂದರೆ ಜನರೊಳಗಿನ ಒಗ್ಗಟ್ಟು. ಸುಖಲೋಲುಪತೆ ಅದನ್ನು ಸವೆಸಿ ಸಾಮಾನ್ಯವಾಗಿ ಮೂರು ತಲೆಮಾರುಗಳಲ್ಲಿ ವಂಶವನ್ನು ಉರುಳಿಸುತ್ತದೆ ಎಂದರು. ತೆರಿಗೆ ಹಗುರವಾಗಿದ್ದಾಗ ಜನ ದುಡಿದು ಬೊಕ್ಕಸ ತುಂಬುತ್ತದೆ, ಹೊರೆ ಹೆಚ್ಚಿದಾಗ ಬರಿದಾಗುತ್ತದೆ ಎಂದರು. ಅಧ್ಯಾಪಕನಾದ ನನಗೆ ಅವರ ಇನ್ನೊಂದು ಮಾತು ಮತ್ತೆ ಮತ್ತೆ ನೆನಪಾಗುತ್ತದೆ. ಮಕ್ಕಳನ್ನು ಬೆತ್ತದ ಭಯದಲ್ಲಿ ಬೆಳೆಸಿದರೆ ಅವರು ಪೆಟ್ಟಿನಿಂದ ಪಾರಾಗಲು ಸುಳ್ಳು ಮತ್ತು ಕಪಟವನ್ನು ಕಲಿಯುತ್ತಾರೆ, ಬರಬರುತ್ತಾ ಅದೇ ಅವರ ಸ್ವಭಾವವಾಗುತ್ತದೆ ಎಂದು ಅವರು ಎಚ್ಚರಿಸಿದ್ದರು. ಮಕ್ಕಳನ್ನು ಸಾಕುವ ನೀವು, ಕಲಿಸುವ ನಾವು, ಇಬ್ಬರೂ ಇದನ್ನು ಯೋಚಿಸಬೇಕು.

ಕೈರೋದ ಖಾಝಿ

1382ರಲ್ಲಿ ಅವರು ಈಜಿಪ್ಟಿಗೆ ಬಂದರು. ಅಲ್ ಅಝ್‌ಹರ್‌ನಲ್ಲಿ ಪಾಠ ಹೇಳಿದರು. 1384ರಲ್ಲಿ ಸುಲ್ತಾನ್ ಬರ್ಕೂಕ್ ಅವರನ್ನು ಮಾಲಿಕೀಗಳ ಮುಖ್ಯ ಖಾಝಿಯಾಗಿ ನೇಮಿಸಿದನು. ಸುಳ್ಳು ಸಾಕ್ಷಿಗಳು, ವಕ್ಫ್ ಆಸ್ತಿಯ ದಾಖಲೆ ತಿದ್ದುವವರು, ದೊಡ್ಡವರ ಶಿಫಾರಸು ಹಿಡಿದು ಬರುವವರು, ಯಾರಿಗೂ ಅವರು ಮಣಿಯಲಿಲ್ಲ. ಶತ್ರುಗಳು ಹೆಚ್ಚಿದರು. ಅದೇ ಹೊತ್ತಿಗೆ, ಟ್ಯುನಿಸ್‌ನಿಂದ ಅವರ ಕುಟುಂಬವನ್ನು ಕರೆತರುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ತಂದೆತಾಯಿಯನ್ನು ಪ್ಲೇಗ್ ಕೊಂಡೊಯ್ದಿತ್ತು, ಈಗ ಮಡದಿ ಮಕ್ಕಳನ್ನು ಕಡಲು ನುಂಗಿತು. ಪದವಿಯಿಂದ ಇಳಿದ ಅವರು ಅಧ್ಯಯನದಲ್ಲಿ ಮುಳುಗಿದರು, 1387ರಲ್ಲಿ ಹಜ್ಜ್ ನಿರ್ವಹಿಸಿದರು. ಮುಂದೆ ಹಲವು ಬಾರಿ ಅದೇ ಪದವಿ ಬಂತು, ಹೋಯಿತು.

1401ರಲ್ಲಿ ತೈಮೂರ್ ದಮಸ್ಕಸ್‌ಗೆ ಮುತ್ತಿಗೆ ಹಾಕಿದಾಗ ಅವರು ಅಲ್ಲಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಕೋಟೆ ಗೋಡೆಯಿಂದ ಹಗ್ಗದ ಮೂಲಕ ಇಳಿದು ಆ ಭಯಂಕರ ವಿಜೇತನನ್ನು ಕಂಡರು. ಒಂದು ಮುಸ್‌ಹಫ್, ಒಂದು ನಮಾಝಿನ ಚಾಪೆ, ಬುರ್ದಾ ಕಾವ್ಯದ ಒಂದು ಪ್ರತಿ ಮತ್ತು ಈಜಿಪ್ಟಿನ ಸಿಹಿತಿಂಡಿಯನ್ನು ಕಾಣಿಕೆಯಾಗಿ ಒಯ್ದಿದ್ದರು. ಸಿಲುಕಿದ್ದ ಅಧಿಕಾರಿಗಳಿಗೆ ಅಭಯಪತ್ರ ಕೇಳಿ ಪಡೆದರು. ಆದರೆ ನಗರವು ಸೂರೆಯಾಗುವುದನ್ನು ತಡೆಯುವುದು ಅವರಿಂದಾಗಲಿಲ್ಲ. ತೈಮೂರ್ ಅವರ ಹೇಸರಗತ್ತೆಯನ್ನು ಇಟ್ಟುಕೊಂಡು ಅದರ ಬೆಲೆಯನ್ನು ಬಳಿಕ ಕೈರೋಕ್ಕೆ ಕಳಿಸಿದ. ತಮ್ಮ ಸುಲ್ತಾನನಿಗೆ ತಿಳಿಸಿ ಅನುಮತಿ ಪಡೆಯುವವರೆಗೆ ಇಬ್ನು ಖಲ್ದೂನ್ ಆ ಹಣವನ್ನು ಮುಟ್ಟಲಿಲ್ಲ.

ಹಿಜರಿ 808ರ ರಮಝಾನಿನಲ್ಲಿ, 1406ರ ಮಾರ್ಚ್‌ನಲ್ಲಿ, ಆರನೆಯ ಬಾರಿ ಖಾಝಿಯಾದ ಕೆಲವೇ ದಿನಗಳಲ್ಲಿ ಅವರು ಅಲ್ಲಾಹನೆಡೆಗೆ ಮರಳಿದರು. ಬಾಬುನ್ನಸ್ರ್‌ನ ಹೊರಗಿನ ಸೂಫಿಗಳ ಖಬರಸ್ಥಾನದಲ್ಲಿ ದಫನವಾಯಿತು. ಶಿಷ್ಯ ಅಲ್ ಮಕ್ರೀಝೀ ಮುಕದ್ದಿಮವನ್ನು ಕೊಂಡಾಡಿದರೆ, ಇಬ್ನು ಹಜರ್(ರ) ಅವರನ್ನು ಕಟುವಾಗಿ ಟೀಕಿಸಿದರು. ಗ್ರಂಥ ಉಳಿಯಿತು. ಹದಿನೆಂಟನೆಯ ಶತಮಾನದಲ್ಲಿ ಅದು ತುರ್ಕಿ ಭಾಷೆಗೆ, 1860ರ ದಶಕದಲ್ಲಿ ಫ್ರೆಂಚ್‌ಗೆ, 1958ರಲ್ಲಿ ಪೂರ್ಣವಾಗಿ ಇಂಗ್ಲಿಷ್‌ಗೆ ಬಂತು.

ಆದ್ದರಿಂದ ಓದುಗರೇ, ಮುಂದಿನ ಸಲ ಯಾರದೋ ಮಾನದ ಮೇಲಿನ ಒಂದು ಮಾತು ನಿಮ್ಮ ಬಾಗಿಲಿಗೆ ಬಂದಾಗ ಅದನ್ನು ದಾಟಿಸುವ ಮುನ್ನ ಒಂದು ಗಳಿಗೆ ನಿಲ್ಲಿರಿ. ಹೇಳಿದವನಾರು, ಅವನಿಗೇನು ಲಾಭ, ಹೀಗೆ ನಡೆಯಲು ಸಾಧ್ಯವೇ ಎಂದು ತೂಗಿ ನೋಡಿರಿ. ನಾಲಗೆಯಿಂದ ಜಾರಿದ ಮಾತಿಗೂ ನಾಳೆ ಲೆಕ್ಕ ಕೊಡಬೇಕಾದವರು ನಾವು.