ಪಂಜೆ ಮಂಗೇಶರಾಯರು

ಪಂಜೆ ಮಂಗೇಶರಾಯರು (1874–1937) ಕನ್ನಡದ ಕವಿ, ಸಣ್ಣಕಥೆಯ ಆರಂಭಕಾರರಲ್ಲಿ ಒಬ್ಬರು ಹಾಗೂ ಶಿಕ್ಷಣತಜ್ಞರು. ಕವಿಶಿಷ್ಯ ಎಂಬುದು ಅವರ ಕಾವ್ಯನಾಮ.

ಜನನ, ವಿದ್ಯಾಭ್ಯಾಸ

1874ರ ಫೆಬ್ರವರಿ 22ರಂದು ಬಂಟವಾಳದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡುದರಿಂದ ಸಂಸಾರದ ಹೊಣೆ ಹೆಗಲಿಗೇರಿತು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದುಕೊಂಡೇ ಓದು ಮುಂದುವರಿಸಿ ಬಿ.ಎ. ಪದವಿ ಪಡೆದರು. ಅನಂತರ ಮದರಾಸಿನ ಸೈದಾಪೇಟೆಯಲ್ಲಿ ಶಿಕ್ಷಕ ತರಬೇತಿ ಪಡೆದರು.

ಶಿಕ್ಷಣ ಇಲಾಖೆಯ ಸೇವೆ

ಶಾಲಾ ಇನ್‌ಸ್ಪೆಕ್ಟರ್ ಆಗಿ ಅವರು ದಕ್ಷಿಣ ಕನ್ನಡದ ಹಳ್ಳಿಯ ಶಾಲೆಗಳನ್ನು ಸುತ್ತಿದರು. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಮಾಸ್ತರರೂ ಮಕ್ಕಳೂ ನಡುಗುತ್ತಿದ್ದ ಕಾಲವದು. ಪಂಜೆಯವರಾದರೋ ಮಕ್ಕಳಿಗೆ ಕಥೆ ಹೇಳಿ, ಹಾಡಿ, ಪಾಠ ಮಾಡುವ ಬಗೆಯನ್ನು ತಾವೇ ತೋರಿಸಿಕೊಡುತ್ತಿದ್ದರು. ಪಠ್ಯಪುಸ್ತಕಗಳ ಕೊರತೆಯನ್ನು ಕಣ್ಣಾರೆ ಕಂಡಿದ್ದ ಅವರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲದ ಸ್ಥಾಪನೆಗೆ ಕಾರಣರಾದರು.

ಮುಂದೆ ಮಡಿಕೇರಿಯ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಕೊಡಗು ಆಗ ಬ್ರಿಟಿಷರ ಆಡಳಿತದ ಪ್ರತ್ಯೇಕ ಪ್ರಾಂತ್ಯ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ ಹೋಗಬೇಕಾದ ಗುಡ್ಡನಾಡು. ಹೊರಗಿನಿಂದ ಬಂದ ಹಿರಿಯರೊಬ್ಬರು ಅಲ್ಲಿನ ಶಾಲೆಯ ಮುಖ್ಯಸ್ಥರಾಗುವಾಗ ಪದವಿಗಿಂತ ಅನುಭವವೇ ಹೆಚ್ಚು ನೆರವಾಗಿರಬೇಕು. ಅವರ ಬೆನ್ನಿಗೆ ಎರಡು ದಶಕಗಳಿಗೂ ಮೀರಿದ ಬೋಧನೆ, ತಪಾಸಣೆಗಳಿದ್ದವು. ಶಾಲೆಯ ಕೆಲಸದೊಡನೆ ಕೊಡಗಿನ ಬದುಕನ್ನೂ ಅವರು ಅರಿತುಕೊಂಡರು. ಕೊಡವರ ಸುಗ್ಗಿಹಬ್ಬ ಕುರಿತ ಹುತ್ತರಿ ಹಾಡು ಈ ಅವಧಿಯ ಕೊಡುಗೆ. ಹೊರಗಿನವರು ಬರೆದ ಹಾಡನ್ನು ಕೊಡಗಿನ ಜನ ತಮ್ಮದಾಗಿಸಿಕೊಂಡದ್ದು ಗಮನಾರ್ಹ.

ಕೃತಿಗಳು

ನಾಗರ ಹಾವೆ, ತೆಂಕಣ ಗಾಳಿಯಾಟ ಮೊದಲಾದ ಕವಿತೆಗಳು ಶಾಲೆಗಳಲ್ಲಿ ತಲೆಮಾರುಗಳಿಂದ ಬಾಯಿಪಾಠವಾಗಿವೆ. ಒಡ್ಡನ ಓಟ, ಸಿಗಡಿ ಯಾಕೆ ಒಣಗಲಿಲ್ಲ ಮುಂತಾದವು ಮಕ್ಕಳ ಕಥೆಗಳು. ಕೋಟಿ ಚೆನ್ನಯ ತುಳುನಾಡಿನ ವೀರರ ಕಥೆ. ಸುವಾಸಿನಿ ಪತ್ರಿಕೆಗೆ ಬರೆದ ಕಥೆಗಳು ಕನ್ನಡದ ಮೊದಲ ಸಣ್ಣಕಥೆಗಳ ಸಾಲಿಗೆ ಸೇರುತ್ತವೆ. ವ್ಯಾಕರಣದಲ್ಲಿಯೂ ಅವರಿಗೆ ಆಳವಾದ ಪರಿಶ್ರಮವಿದ್ದಿತು. ಮಕ್ಕಳಿಗಾಗಿ ಸರಳವಾಗಿ ಬರೆದವರನ್ನು ಪಂಡಿತರಲ್ಲವೆಂದು ಭಾವಿಸುವವರು ಇದನ್ನು ಮರೆಯುತ್ತಾರೆ.

ಗೌರವ, ನಿಧನ

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ನಿಧನ ಹೊಂದಿದರು. ಕುವೆಂಪು ಅವರನ್ನು ಕುರಿತು ಕವಿತೆ ಬರೆದಿದ್ದಾರೆ; ವಿ. ಸೀತಾರಾಮಯ್ಯನವರು ಅವರ ಜೀವನಚಿತ್ರವನ್ನು ರಚಿಸಿದ್ದಾರೆ.