ಹೋಮಿ ಭಾಭಾ

ಕೋಲಾರವೆಂದೊಡನೆ ನಮಗೆ ಚಿನ್ನದ ಗಣಿಯ ನೆನಪಾಗುತ್ತದೆ. ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳಕ್ಕೆ ಚಿನ್ನದ ಆಸೆಯಿಲ್ಲದ ಕೆಲವು ತರುಣರೂ ಇಳಿದಿದ್ದರು. ಆಕಾಶದಿಂದ ಬರುವ ವಿಶ್ವಕಿರಣಗಳನ್ನು ಅವರು ನೆಲದಡಿಯಲ್ಲಿ ಅರಸುತ್ತಿದ್ದರು. ಅವರನ್ನು ಅಲ್ಲಿಗೆ ಕಳುಹಿಸಿದವರು ಹೋಮಿ ಜಹಾಂಗೀರ್ ಭಾಭಾ.

ಭಾಭಾ 1909ರ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಮನೆತನವೊಂದರಲ್ಲಿ ಜನಿಸಿದರು. ತಂದೆಯ ಇಚ್ಛೆಯಂತೆ ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿ, ಅನಂತರ ತಮ್ಮ ಮನಸ್ಸೊಪ್ಪಿದ ಭೌತವಿಜ್ಞಾನಕ್ಕೆ ತಿರುಗಿದರು. 1939ರಲ್ಲಿ ಸ್ವದೇಶಕ್ಕೆ ರಜೆಗೆಂದು ಬಂದಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಮರಳುವ ದಾರಿ ಮುಚ್ಚಿತು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ. ವಿ. ರಾಮನ್ ಅವರ ವಿಭಾಗದಲ್ಲಿ, ರೀಡರ್ ಆದರು.

ಮುಂದೆ ಪರಮಾಣು ಶಕ್ತಿ ಬಳಕೆಗೆ ಬಂದಾಗ ಭಾರತವು ತಜ್ಞರಿಗಾಗಿ ಹೊರದೇಶಗಳತ್ತ ಕೈಚಾಚುವಂತಾಗಬಾರದೆಂಬುದು ಅವರ ಚಿಂತೆಯಾಗಿತ್ತು. ಹೊಸ ಸಂಶೋಧನಾ ಸಂಸ್ಥೆಯೊಂದನ್ನು ಕೋರಿ 1944ರ ಮಾರ್ಚ್ ತಿಂಗಳಿನಲ್ಲಿ ಟಾಟಾ ಧರ್ಮನಿಧಿಗೆ ಪತ್ರ ಬರೆದರು. ಆಗ ಹಿರೋಷಿಮಾದ ಮೇಲೆ ಬಾಂಬು ಬೀಳಲು ಇನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲವಿತ್ತು! 1945ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಅದೇ ವರ್ಷದ ಕೊನೆಗೆ ಮುಂಬಯಿಗೆ, ಭಾಭಾ ಅವರು ಹುಟ್ಟಿದ ಬಂಗಲೆಯ ಅರ್ಧಭಾಗಕ್ಕೆ, ಸಾಗಿತು.

ಕಟ್ಟಡವನ್ನು ಕಟ್ಟಿ, ಹುದ್ದೆಗಳ ಪಟ್ಟಿಯನ್ನು ಮಾಡಿ, ಬಳಿಕ ಖಾಲಿ ಕುರ್ಚಿಗಳನ್ನು ತುಂಬಲು ಜನರನ್ನು ಕರೆಯುವುದು ರೂಢಿ. ಭಾಭಾ ಹಾಗೆ ಮಾಡಲಿಲ್ಲ. ಮೊದಲು ಯೋಗ್ಯ ವ್ಯಕ್ತಿ, ಆಮೇಲೆ ಆತನ ಕೆಲಸಕ್ಕೆ ತಕ್ಕ ವಿಭಾಗ. ವಿಶ್ವವಿದ್ಯಾನಿಲಯಗಳ ಅನುಭವಿಗಳನ್ನು ಸೆಳೆದುಕೊಂಡರೆ ಅವು ಬಡವಾಗುತ್ತವೆಂಬುದನ್ನೂ ಅವರು ಅರಿತಿದ್ದರು. ಈ ಕ್ರಮದಲ್ಲಿ ಅಪಾಯವಿಲ್ಲದೆ ಇಲ್ಲ. ಎಲ್ಲವೂ ಆರಿಸುವವನ ಕಣ್ಣನ್ನೇ ನಂಬಿರುತ್ತದೆ. ಭಾಭಾ ಅವರ ಕಣ್ಣು ಚುರುಕಾಗಿತ್ತು. ನಂಜನಗೂಡಿನ ಬಿ. ವಿ. ಶ್ರೀಕಂಠನ್ 1948ರಲ್ಲಿ ಬಂದು ಸೇರಿದರು. ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣ 1949ರಲ್ಲಿ ಲಂಡನ್ನಿನಿಂದ, ಎಂ. ಜಿ. ಕೆ. ಮೆನನ್ 1955ರಲ್ಲಿ ಬ್ರಿಸ್ಟಲ್‌ನಿಂದ ಬಂದರು. ಇಂತಹವರನ್ನು ಒಬ್ಬೊಬ್ಬರನ್ನಾಗಿ ಹುಡುಕುವುದು ಪರಮಾಣು ಶಕ್ತಿಯ ದೊಡ್ಡ ಕಾರ್ಯಕ್ಕೆ ಸಾಲದಾದಾಗ, 1957ರಲ್ಲಿ ಟ್ರಾಂಬೆಯಲ್ಲಿ ತರಬೇತಿ ಶಾಲೆಯೊಂದನ್ನೇ ತೆರೆದರು.

ಶ್ರೀಕಂಠನ್ ಅವರನ್ನು ಭಾಭಾ 1951ರಲ್ಲಿ ಕೋಲಾರದ ಗಣಿಗೆ ಕಳುಹಿಸಿದರು. ಆಗ ಅವರಿಗೆ ಇಪ್ಪತ್ತಾರರ ಆಸುಪಾಸಿನ ವಯಸ್ಸು. ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಎಂಬ ಕಣಗಳು ನೆಲವನ್ನು ತೂರಿಹೋಗುತ್ತವೆ. ಆಳಕ್ಕೆ ಹೋದಂತೆ ಬಂಡೆಯು ಅವುಗಳನ್ನು ತಡೆಯುತ್ತ ಬರುತ್ತದೆ. ಎಷ್ಟು ಆಳದಲ್ಲಿ ಎಷ್ಟು ಉಳಿಯುತ್ತವೆಂದು ಎಣಿಸುವುದೇ ಅವರ ಕೆಲಸ. 1960ರ ದಶಕದ ಮೊದಲಲ್ಲಿ ಮೆನನ್, ಶ್ರೀಕಂಠನ್ ಮತ್ತು ಅವರ ಸಂಗಡಿಗರು ಉಪಕರಣಗಳನ್ನು ಇನ್ನೂ ಕೆಳಗೆ ಇಳಿಸಿದರು. ಅತ್ಯಂತ ಆಳದ ನೆಲೆಯಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಮ್ಯೂಆನೂ ಕಾಣಲಿಲ್ಲ. ಈ ಬರಿಗೈಯೇ ಅವರಿಗೆ ಹೊಸ ದಾರಿಯನ್ನು ತೋರಿತು. ಬೇರೆ ಕಣಗಳ ಗದ್ದಲವಿಲ್ಲದ ಆ ನೆಲೆಯಲ್ಲಿ, ಭೂಮಿಯನ್ನೇ ತೂರಿ ಬರಬಲ್ಲ ನ್ಯೂಟ್ರಿನೊವನ್ನು ಗುರುತಿಸಬಹುದಲ್ಲವೇ? ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳೂ ಜೊತೆಗೂಡಿದರು. 1965ರಲ್ಲಿ, 2 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹು ದೊರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅವು ಕಂಡುಬಂದವು.

1966ರ ಜನವರಿ 24ರಂದು ಆಲ್ಪ್ಸ್ ಪರ್ವತದ ಮೌಂಟ್ ಬ್ಲಾಂಕ್ ಶಿಖರದ ಬಳಿ ನಡೆದ ವಿಮಾನ ಅಪಘಾತದಲ್ಲಿ ಭಾಭಾ ನಿಧನರಾದರು. ಮುಂಬಯಿಯ ಸಂಸ್ಥೆಗೆ ಮೆನನ್ ನಿರ್ದೇಶಕರಾದರು; 1975ರಲ್ಲಿ ಅವರ ತರುವಾಯ ಶ್ರೀಕಂಠನ್ ಆ ಸ್ಥಾನಕ್ಕೆ ಬಂದರು. ಕೋಲಾರದ ಗಣಿಯಲ್ಲಿ ಪ್ರಯೋಗಗಳು 1992ರವರೆಗೆ ನಡೆದವು.