ಬರಿಗಾಲಿನ ಮಾಂತ್ರಿಕ ಅಹ್ಮದ್ ಖಾನ್

ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮಕ್ಕಳಿಗೆ ಕ್ರಿಕೆಟ್, ಕಬಡ್ಡಿಗಳು ತಿಳಿದಿರುವಷ್ಟು ಕಾಲ್ಚೆಂಡಾಟ ತಿಳಿಯದು. ಆದುದರಿಂದ 1926ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅಹ್ಮದ್ ಖಾನರ ಹೆಸರನ್ನು ನಮ್ಮ ಮನೆಗಳಲ್ಲಿ ಕೇಳಿದವರು ವಿರಳ. ಕಲ್ಕತ್ತೆಯಲ್ಲಾದರೋ ಒಂದು ಇಡೀ ತಲೆಮಾರು ಅವರನ್ನು ಮನೆಮಗನಂತೆ ಕಂಡಿತು.

ತಂದೆ ಬಾಬಾ ಖಾನರೂ ಆಟಗಾರರೇ. ಅಹ್ಮದರು ಆಡಿ ಬೆಳೆದದ್ದು ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ. 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿದ್ದ ತಂಡವದು. 1948ರ ಲಂಡನ್ ಒಲಿಂಪಿಕ್ಸ್‌ಗೆ ಸ್ವತಂತ್ರ ಭಾರತದ ತಂಡ ಹೊರಟಾಗ ಅವರೂ ಅದರಲ್ಲಿದ್ದರು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. ಫ್ರಾನ್ಸಿನ ವಿರುದ್ಧ 2-1ರ ಸೋಲು; ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನವರೇ ಆದ ರಾಮನ್.

ಮರುವರ್ಷ ಅಹ್ಮದರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಕಾಲ ಎಂಥದೆಂಬುದನ್ನು ಓದುಗರು ನೆನೆಯಬೇಕು. ದೇಶ ವಿಭಜನೆಯಾಗಿ ಎರಡು ವರ್ಷವಷ್ಟೇ ಕಳೆದಿತ್ತು. ಆ ಕ್ಲಬ್ಬಿನ ಅಭಿಮಾನಿಗಳಲ್ಲಿ ಅನೇಕರು ಪೂರ್ವ ಬಂಗಾಳದಲ್ಲಿ ಮನೆಮಠ ತೊರೆದು ಬಂದ ಹಿಂದೂ ನಿರಾಶ್ರಿತರು. 1950ರಲ್ಲಿ ಬಂಗಾಳದ ಎರಡೂ ಭಾಗಗಳಲ್ಲಿ ಮತ್ತೆ ಗಲಭೆಗಳೆದ್ದವು. ಮತದ ಹೆಸರಿನಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಆ ಜನ, ತಮ್ಮ ಭಾಷೆಯನ್ನೂ ಅರಿಯದೆ ದಕ್ಷಿಣದಿಂದ ಬಂದ ಮುಸಲ್ಮಾನ ತರುಣನನ್ನು ತಮ್ಮವನೆಂದು ಅಪ್ಪಿಕೊಂಡರು. ಹಗೆಗೆ ಕಾರಣವಿದ್ದವರು ಒಲವನ್ನು ಆರಿಸಿಕೊಂಡ ಈ ಸಂಗತಿ ನನಗೆ ಅವರ ಪದಕಗಳಿಗಿಂತ ದೊಡ್ಡದಾಗಿ ತೋರುತ್ತದೆ.

ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್ ಖಾನ್, ಈ ಐವರು ದಕ್ಷಿಣದವರ ಮುಂಚೂಣಿಯನ್ನು ಕಲ್ಕತ್ತೆ ಪಂಚಪಾಂಡವರೆಂದು ಕರೆಯಿತು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐ.ಎಫ್.ಎ. ಶೀಲ್ಡ್ ಅವರದಾಯಿತು. ಕುಣಿಗಲ್ ಕುದುರೆಯ ಓಟವನ್ನು ಅಹ್ಮದರಲ್ಲಿ ಹುಡುಕಬಾರದು. ಅವರ ಬಲವಿದ್ದುದು ವೇಗದಲ್ಲಲ್ಲ, ವಂಚನೆಯಲ್ಲಿ. ಚೆಂಡು ಪಾದಕ್ಕೆ ಅಂಟಿದಂತಿರುತ್ತಿತ್ತು. ಎದುರಾಳಿ ಎಡಕ್ಕೆ ವಾಲಿದಾಗ ಅವರು ಬಲಕ್ಕೆ ಜಾರಿರುತ್ತಿದ್ದರು. ಹಾವಾಡಿಗನೆಂಬ ಬಿರುದು ಹೀಗೆ ಬಂತು. ಗುಬ್ಬಿ ಕಂಪನಿಯ ನಾಟಕಕ್ಕೆ ನಮ್ಮ ಹಿರಿಯರು ಕಥೆ ಗೊತ್ತಿದ್ದೂ ಮತ್ತೆ ಮತ್ತೆ ಹೋಗುತ್ತಿದ್ದರಲ್ಲವೆ? ಆ ಮೈದಾನಕ್ಕೂ ಜನ ಸೇರುತ್ತಿದ್ದುದು ಫಲಿತಾಂಶಕ್ಕಾಗಿ ಮಾತ್ರವಲ್ಲ.

1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0 ಅಂತರದಿಂದ ಮಣಿಸಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ಮರುವರ್ಷದ ಹೆಲ್ಸಿಂಕಿ ಒಲಿಂಪಿಕ್ಸ್ ಮಾತ್ರ ಕಹಿ. ಆ ಚಳಿಯ ನೆಲದಲ್ಲಿ ಬೂಟು ತೊಟ್ಟ ಯುಗೋಸ್ಲಾವಿಯರು ಹತ್ತು ಗೋಲು ಹೊಡೆದರು. ಭಾರತಕ್ಕೆ ದಕ್ಕಿದ್ದು ಒಂದೇ, ಅದು ಪಂದ್ಯದ ಕೊನೆಗಳಿಗೆಯಲ್ಲಿ ಅಹ್ಮದ್ ಖಾನರಿಂದ. ಆ ಸೋಲಿನ ನಂತರ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಬರಿಯ ಪಾದಕ್ಕೆ ಚೆಂಡಿನ ಸ್ಪರ್ಶವೇ ವಿದ್ಯೆಯಾಗಿದ್ದವರಿಗೆ ಅದು ಹೊಸದಾಗಿ ನಡೆಯಲು ಕಲಿತಂತೆ. ಆದರೂ ಅವರು 1954ರ ಏಷ್ಯನ್ ಕ್ರೀಡಾಕೂಟದಲ್ಲಿಯೂ ಆಡಿದರು. ಈಸ್ಟ್ ಬೆಂಗಾಲ್ ಪರವಾಗಿ ಒಟ್ಟು ಸುಮಾರು ಹತ್ತು ವರ್ಷ ಆಡಿದರು.

ನಿವೃತ್ತಿಯ ಬಳಿಕ ಬೆಂಗಳೂರಿಗೆ ಮರಳಿದ ಅವರು ಸದ್ದಿಲ್ಲದೆ ಬಾಳಿ, 2017ರ ಆಗಸ್ಟ್‌ನಲ್ಲಿ, ತೊಂಬತ್ತರ ಪ್ರಾಯದಲ್ಲಿ ಕಣ್ಮುಚ್ಚಿದರು.